ಲಾಡಲೇಸಾಬನ ಅಕ್ಷರ

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಎಷ್ಟೊತ್ತಿಗೆ ಅನ್ನುವುದು ಗೊತ್ತಾಗುವ ಮೊದಲೇ ರುಕ್ಸಾರಳ ಫೋನು ಹೊಡೆದುಕೊಳ್ಳುತ್ತದೆ. ಸತ್ತವರ ಬ್ಯಾನರು ಮಾಡುವವಳು ಆಕಿ. ನಡುವೆ ಫೋಟೋ, ಎರಡೂ ಕಡೆ ದೀಪ, ಕೆಳಗೆ ಹೆಸರು, ಅದರ ಕೆಳಗೆ ದುಃಖದಲ್ಲಿರುವವರ ಹೆಸರು. ನಮ್ಮ ಕಡೆ ಮುದುಕರು ಒಬ್ಬರೇ ನಿಂತು ಫೋಟೋ ತೆಗೆಸಿಕೊಂಡಿರುವುದಿಲ್ಲ. ಮಂದಿ ಯಾವುದೋ ಮದುವೆಯ ಗುಂಪು ಫೋಟೋ ಕಳಿಸುತ್ತಾರೆ. ಆಕಿ ಅದರೊಳಗಿಂದ ಆ ಮುದುಕನನ್ನು ನಿಧಾನಕ್ಕೆ ಬಿಡಿಸಿ ತೆಗೆಯುತ್ತಾಳೆ. ಹೆಗಲ ಮೇಲೆ ಯಾರದೋ ಕೈ ಇರುತ್ತದೆ, ಅದನ್ನು ಅಳಿಸುತ್ತಾಳೆ. ಬಾಜೂಕ್ಕೆ ಕುಳಿತು ನೋಡುವಾಗ ನನಗೆ ಅದೊಂದು ಮಾತ್ರ ತಡೆಯುತ್ತಿರಲಿಲ್ಲ. ಆ ಕೈ ಅಲ್ಲೇ ಇರಲಿ ಅನ್ನಿಸುತ್ತಿತ್ತು.

ನಾನು ಕಾಶೀಬಾಯಿ. ವಿಜಯಪುರದಲ್ಲಿ ಆಕಿಯ ಬಾಜೂ ಮನಿಯವಳು. ಮೂರನೇತ್ತೆಗೆ ಸಾಲಿ ಬಿಟ್ಟವಳು. ಆದರೆ ಕಂಡದ್ದು ಮರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರುಕ್ಸಾರ ಯಾವ ಆಫೀಸಿಗೂ ಹೋಗುವವಳಲ್ಲ. ಮನಿಯ ಮೇಲಿನ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆಯ ಪತ್ರಿಕೆ, ಅಂಗಡಿಯ ಬೋರ್ಡು, ಹುಟ್ಟುಹಬ್ಬದ ಬ್ಯಾನರು, ದ್ರಾಕ್ಷಿ ಬಾಕ್ಸಿನ ಮೇಲಿನ ಚಿತ್ರ, ಹೀಗೆ ಕರೆದವರ ಕೆಲಸ ಮಾಡುತ್ತಾಳೆ. ಅರಕೇರಿಯಿಂದ, ಕಳ್ಳಕವಟಗಿಯಿಂದ, ಎಲ್ಲೆಲ್ಲಿಂದಲೋ ಫೋನು. ಮುಖ ನೋಡಿದ ಗಿರಾಕಿ ಕಡಿಮೆ. ಮದುವೆಯ ಬ್ಯಾನರಿನಲ್ಲಿ ಸೋದರಮಾವನ ಫೋಟೋ ಕಾಕಾನ ಫೋಟೋಕ್ಕಿಂತ ಕೂದಲೆಳೆಯಷ್ಟು ಸಣ್ಣದಾದರೂ ಆಕಿಗೇ ಜಗಳ.

"ಮೇಡಂ, ನಮ್ಮ ಮಾವ ಸಿಟ್ಟಾಗ್ಯಾನ. ಅಕ್ಕಿಕಾಳಿಗೂ ಬರಂಗಿಲ್ಲ ಅನ್ನಾಕತ್ತಾನ. ದೊಡ್ಡದ ಮಾಡ್ರಿ."

"ಆತ್ರಿ, ಮಾಡ್ತೀನ್ರಿ."

"ಆದ್ರ ಕಾಕಾಂದ ಸಣ್ಣದ ಮಾಡಬ್ಯಾಡ್ರಿ ಮತ್ತ."

"ಇಲ್ರಿ. ಹುಡುಗನ್ನ ಸಣ್ಣ ಮಾಡ್ತೀನ್ರಿ, ಅವ ಏನೂ ಅನ್ನೂದಿಲ್ಲ."

ಆ ಕಡೆಯವನು ನಕ್ಕುಬಿಡುತ್ತಿದ್ದ. ಒಮ್ಮೆ ನಾನು ಕೇಳಿದೆ, "ಊರ ಮಂದೀ ಮದುವಿ ಬ್ಯಾನರ್ ಮಾಡ್ತಿ, ನಿಂದ ಯಾವಾಗ ಬೇ?" ಅಂತ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅಂದಳು, "ನಂದು ಡಿಸೈನ್ ಇನ್ನಾ ಫೈನಲ್ ಆಗಿಲ್ರಿ ಆಯಿ."

ಆಕಿ ಗಿರಾಕಿ ಹೇಳಿದ್ದಕ್ಕೆ ಮೊದಲು ಹೂಂ ಅನ್ನುತ್ತಿದ್ದಳು. ಆಮೇಲೆ ಮೆತ್ತಗೆ ಕೇಳುತ್ತಿದ್ದಳು, "ಇದನ್ನ ಎಲ್ಲಿ ಹಚ್ಚಾವ್ರು ನೀವು? ಎಷ್ಟ ದೂರದಿಂದ ಮಂದಿ ಓದಬೇಕು?" ಈ ರೂಢಿ ಆಕಿಗೆ ಬಂದದ್ದು ಅಪ್ಪನಿಂದ.

ಅಪ್ಪ ಲಾಡಲೇಸಾಬ ಬೋರ್ಡು ಬರೆಯುವ ಪೇಂಟರ್. ನಾನು ಆತನನ್ನು ಮೊದಲು ಕಂಡದ್ದು ತಿಕೋಟಾದಲ್ಲಿ, ನಮ್ಮ ಹಿಟ್ಟಿನ ಗಿರಣಿಗೆ ಬೋರ್ಡು ಬರೆಯಲು ಬಂದಾಗ. ನನ್ನ ಯಜಮಾನರು ಶ್ರೀಶೈಲ ಅಂತ, ಗಿರಣಿಗೂ ಅದೇ ಹೆಸರು. ಲಾಡಲೇಸಾಬ ಬಂದವನೇ ಬಣ್ಣದ ಡಬ್ಬಿ ಬಿಚ್ಚಲಿಲ್ಲ. ರಸ್ತೆ ದಾಟಿ ಬಸ್ಸು ನಿಲ್ಲುವ ಕಡೆ ಹೋಗಿ ನಿಂತು, ಅಲ್ಲಿಂದ ಕೂಗಿದ, "ಯಜಮಾನ್ರ, ಜೋಳದ ಗಂಟ ತಲಿ ಮ್ಯಾಲ ಹೊತ್ತಾಕಿ ಇಲ್ಲಿಂದ ಓದಬೇಕಲ್ರಿ. ಕತ್ತ ಎತ್ತಾಕ ಆಗೂದಿಲ್ಲ ಆಕಿಗೆ. ಬೋರ್ಡ್ ಕೆಳಗ ಇಳಸ್ರಿ." ಬೋರ್ಡು ಕೆಳಗೆ ಬಂತು. ನೀಲಿಯ ಮೇಲೆ ಬಿಳಿ ಅಕ್ಷರ. ಆತನ ಅಕ್ಷರಕ್ಕೆ ಹೊಟ್ಟೆ ತುಂಬಿದವರ ಹಾಗೆ ಒಂದು ದುಂಡಗಿನ ಕಳೆ ಇತ್ತು. ತಲೆಕಟ್ಟು ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದ. ಗಿರಣಿಯ ಕಟ್ಟೆಯ ಮೇಲೆ ಕುಳಿತು, ಸಾಲಿಯಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ನಾನು ಆ ಬೋರ್ಡು ನೋಡುತ್ತ ನೆಲದ ಹಿಟ್ಟಿನಲ್ಲಿ ಬೆರಳಿನಿಂದ ತಿದ್ದಿ ಕಲಿತೆ.

ಆಮೇಲೆ ಫ್ಲೆಕ್ಸ್ ಬಂತು. ಕೈಯಿಂದ ಬರೆಸುವವರು ನಿಂತರು. ಮಗಳು ಕಂಪ್ಯೂಟರ್ ಕಲಿತಳು, ಅಪ್ಪನ ಹಳೆಯ ಗಿರಾಕಿಗಳೇ ಮಗಳ ಹತ್ತಿರ ಬಂದರು. ಲಾಡಲೇಸಾಬ ಬೇಸರ ಮಾಡಿಕೊಂಡದ್ದು ನಾನು ಕಾಣೆ. ಅಂಗಡಿಯವರಿಗೆ ತಾನೇ ಹೇಳುತ್ತಿದ್ದ, "ನನ್ನ ಹಳೇ ಬೋರ್ಡಿನ ಮ್ಯಾಲ ಬಡೀರಿ. ತಗಡ ಗಟ್ಟಿ ಐತಿ, ಫ್ರೇಮ್ ಬ್ಯಾರೆ ಬೇಕಾಗೂದಿಲ್ಲ." ಹಾಗೆ ತಿಕೋಟಾ, ಬಬಲೇಶ್ವರದ ಪೇಟೆಯಲ್ಲೆಲ್ಲ ಅಪ್ಪನ ಅಕ್ಷರದ ಮೇಲೆ ಮಗಳ ಫ್ಲೆಕ್ಸ್ ಕುಳಿತವು. ನನ್ನ ಯಜಮಾನರು ಹೋದ ಮೇಲೆ ಗಿರಣಿಯನ್ನು ಅಲ್ಲೇ ಕೆಲಸಕ್ಕಿದ್ದ ಜಾಹೀದನಿಗೆ ಕೊಟ್ಟು ನಾನು ವಿಜಯಪುರಕ್ಕೆ ಬಂದೆ. ಜಾಹೀದನೂ ತನ್ನ ಹೆಸರಿನ ಫ್ಲೆಕ್ಸನ್ನು ಅದೇ ತಗಡಿನ ಮೇಲೆ ಬಡಿಸಿದ.

ಲಾಡಲೇಸಾಬನ ಕೈ ನಡುಗಲು ಹತ್ತಿದ ವರ್ಷ ರುಕ್ಸಾರ ಎಚ್ಚೆತ್ತಳು. ಅಪ್ಪನ ಅಕ್ಷರವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಗುಂಡಿ ಒತ್ತಿದರೆ ಆತನ ಕೈಯಲ್ಲೇ ಬರೆದ ಹಾಗೆ ಬರುವಂತೆ ಮಾಡುತ್ತೇನೆ ಅಂದಳು. ಸಂಜೆಯಾದರೆ ಅಪ್ಪ ಮಗಳು ಅಂಗಳದಲ್ಲಿ ಕೂಡುವರು. ಕೈ ಪಳಗಿಸಲು ಆತ ಮೊದಲಿನಿಂದ ಇಟ್ಟುಕೊಂಡಿದ್ದ ಒಂದು ಕರಿ ಹಲಗೆ ಇತ್ತು. ಸುಣ್ಣದ ನೀರಿನಲ್ಲಿ ಕುಂಚ ಅದ್ದಿ ಅದರ ಮೇಲೆ ಒಂದು ಅಕ್ಷರ ಬರೆಯುವುದು, ಮಗಳು ಫೋಟೋ ತೆಗೆಯುವುದು, ಆತ ಒದ್ದೆ ಅರಿವೆಯಿಂದ ಒರೆಸಿ ಮುಂದಿನದು ಬರೆಯುವುದು. ನಡುಕ ಬಂದರೆ ಒರೆಸಿ ಮತ್ತೆ ಬರೆಯುತ್ತಿದ್ದ.

"ಅಬ್ಬಾ, ಕಾಗದದ ಮ್ಯಾಲ ಬರೀರಿ, ಉಳೀತೈತಿ."

"ಕಾಗದದ ಮ್ಯಾಲ ತಪ್ಪೂ ಉಳೀತೈತಿ ಬೇಟಾ. ಹಲಗೀ ಮ್ಯಾಲ ಬರದ್ರ ಕೈಗೆ ಅಂಜಿಕಿ ಇರೂದಿಲ್ಲ."

ಆಕಿಯ ಅವ್ವ ಹಾಜಿರಾಬಿ ಒಳಗಿನಿಂದ ಕೆಣಕುವಳು, "ಇಡೀ ಜಿಲ್ಲಾಕ್ಕ ಹೆಸರ ಬರದಾನ, ನನ್ನ ಹೆಸರ ಒಂದ ದಿನಾ ಎಲ್ಲೂ ಬರೀಲಿಲ್ಲ."

"ನಿನ್ನ ಹೆಸರ ಬರದ ಬೋರ್ಡ್ ಹಚ್ಚಿದ್ರ ಗಿರಾಕಿ ಬರ್ತಾವೇನ?" ಅಂದು ಆತ ನಗುತ್ತಿದ್ದ. ಮರುದಿನ ಹಲಗೆಯ ಮೇಲೆ ಅಕ್ಷರದ ಬದಲು ಹಾಜಿರಾಬಿ ಅಂತಲೇ ಬರೆದಿದ್ದ. ಅದರದೂ ಫೋಟೋ ತೆಗೆದಳು ರುಕ್ಸಾರ.

ಹಿಂದೊಮ್ಮೆ ಕಂಪ್ಯೂಟರ್ ಕೆಟ್ಟು ಕೆಲಸ ಹೋಗಿತ್ತಂತ, ಈ ಫೋಟೋಗಳನ್ನೆಲ್ಲ ಆಕಿ ಕಂಪ್ಯೂಟರಿಗೆ ಹಾಕಿದ್ದಲ್ಲದೆ ಒಂದು ಕಂಪನಿಯ ಕಪಾಟಿನಲ್ಲೂ ಇಟ್ಟಿದ್ದಳು, ಜಾಗ ಸಾಲದೆ ಫೋನಿನಿಂದ ಅಳಿಸುತ್ತಿದ್ದಳು. ಕಪಾಟು ಅಂದರೆ ಕಣ್ಣಿಗೆ ಕಾಣುವಂಥದಲ್ಲ. ಎಲ್ಲೋ ದೂರದ ದೇಶದಲ್ಲಿ ಅವರ ಯಂತ್ರ, ನಾವು ಕೀಲಿಯ ಮಾತು ಹೇಳಿದರೆ ನಮ್ಮ ಸಾಮಾನು ನಮಗೆ ತೋರಿಸುತ್ತಾರೆ. ಆ ಕಪಾಟು ತೆಗೆಯುವ ಕಾಲಕ್ಕೆ ಆಕಿಗೆ ಸ್ವಂತ ಫೋನಿರಲಿಲ್ಲ. ಅಪ್ಪನ ನಂಬರು ಕೊಟ್ಟಿದ್ದಳು. ಕೊಟ್ಟದ್ದನ್ನು ಮರೆತೂ ಬಿಟ್ಟಿದ್ದಳು.

ಒತ್ತಕ್ಷರ ಕೆಲವು ಉಳಿದಿದ್ದಾಗಲೇ ಲಾಡಲೇಸಾಬ ಹೋದ. ನಲವತ್ತನೇ ದಿನ ಅವರ ಮನಿಯ ರೂಢಿಯಂತೆ ಸತ್ತವರ ಬಟ್ಟೆ-ಬರೆ, ಬಳಸಿದ್ದು, ಎಲ್ಲ ಇಲ್ಲದವರಿಗೆ ಕೊಟ್ಟುಬಿಡಬೇಕು. ಹಿಡಿದಿಟ್ಟುಕೊಂಡರೆ ಹೋದ ಜೀವಕ್ಕೆ ಭಾರ ಅನ್ನುತ್ತಾರೆ. ರುಕ್ಸಾರ ತಾನೇ ಗಂಟು ಕಟ್ಟಿದಳು. ಅಂಗಿ, ಟೊಪ್ಪಿಗೆ, ಕೊಡೆ, ಮೇಲೆ ಆ ಗುಂಡಿಯ ಫೋನು. ಚಾರ್ಜು ಮಾಡಿ, ಒರೆಸಿ ಇಟ್ಟಳು, ತೆಗೆದುಕೊಂಡವರಿಗೆ ಹೊಲಸು ಸಿಗಬಾರದು ಅಂತ. ಎಲ್ಲ ಕಣ್ಣಾರೆ ಕಂಡೆ. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ.

ಅಪ್ಪನಿಗೆ ಮಾತ್ರ ಆಕಿ ಬ್ಯಾನರು ಮಾಡಲಿಲ್ಲ. "ವರ್ಷದ ದಿನಕ್ಕ ಅಬ್ಬಾನ ಹೆಸರ ಅಬ್ಬಾನ ಅಕ್ಷರದಾಗ ಬರಿತೀನ್ರಿ ಆಯಿ. ಅಮ್ಮೀಗೆ ಅವತ್ತ ತೋರಸ್ತೀನಿ," ಅಂದಿದ್ದಳು.

ಬೇಸಿಗೆಯಲ್ಲಿ ಕರೆಂಟು ಒಮ್ಮೆಲೇ ಜೋರಾಗಿ ಬಂದು ಕಂಪ್ಯೂಟರ್ ಸುಟ್ಟುಹೋಯಿತು. ರಿಪೇರಿಯವನು ಒಳಗೆ ಏನೂ ಉಳಿದಿಲ್ಲ ಅಂದ. ಆಕಿ ಗಾಬರಿಯಾಗಲಿಲ್ಲ, ಕಪಾಟಿನಲ್ಲಿ ಎಲ್ಲ ಇತ್ತಲ್ಲ. ಬೇರೆ ಕಂಪ್ಯೂಟರ್ ತಂದಳು. ಕಂಪನಿಯ ಯಂತ್ರಕ್ಕೆ ಅದರ ಗುರುತು ಹತ್ತಲಿಲ್ಲ. ನೀವೇ ಹೌದೋ ಅಲ್ಲವೋ, ನಿಮ್ಮ ನಂಬರಿಗೆ ಓಟಿಪಿ ಕಳಿಸಿದ್ದೇವೆ, ಹೇಳಿ ಅಂತು. ಕೊನೆಯ ಎರಡು ಅಂಕಿ ಮಾತ್ರ ತೋರಿಸಿತು. ರುಕ್ಸಾರ ಆ ಎರಡು ಅಂಕಿ ನೋಡಿದಳು. ಅಪ್ಪನ ನಂಬರು.

ಫೋನು ಒಯ್ದವನು ಯಾರೋ, ಸಿಮ್ಮು ಎಲ್ಲಿ ಒಗೆದನೋ. ಆಕಿ ಆ ನಂಬರಿಗೆ ಹಚ್ಚಿದಳು. ಆ ಕಡೆ ಒಬ್ಬ ಗಂಡಸು, "ಯಾರ್ರೀ?" ಅಂದ. ಕರೆನ್ಸಿ ಹಾಕಿಸದಿದ್ದಕ್ಕೆ ನಂಬರು ಬಂದ್ ಆಗಿ, ಸಿಮ್ಮಿನ ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಆಕಿ ಇಟ್ಟುಬಿಟ್ಟಳು. "ಆ ನಂಬರಿನಾಗ ಬ್ಯಾರೇ ದನಿ ಕೇಳಿ ಏನ ಮಾತಾಡಬೇಕ್ರಿ ಆಯಿ?" ಅಂದಳು.

ಆಮೇಲೆ ಸುರುವಾಯಿತು ಕಸ್ಟಮರ್ ಕೇರ್. ಮೊದಲು ಬರೆದು ಕೇಳುವುದು. ಬರೆದ ತಕ್ಷಣ ಉತ್ತರ ಬರುತ್ತಿತ್ತು. ಆಕಿ ನನಗೆ ಓದಿ ಹೇಳುವಳು, "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ."

"ಅರ್ಥ ಆದ್ರ ಕೊಡ ಅನ್ನ," ಅಂದೆ.

"ಅದು ಮನಷ್ಯಾ ಅಲ್ರಿ ಆಯಿ, ಯಂತ್ರ."

"ಯಂತ್ರಕ್ಕ ಹೆಂಗ ಅರ್ಥ ಆತ ಮತ್ತ?"

ದಿನಾ ಬರೆದಳು. ದಿನಾ ಅದಕ್ಕೆ ಅರ್ಥವಾಯಿತು. ಕೊನೆಗೆ ಹಾಡು ಕೇಳಿಸುತ್ತ ಕೂಡಿಸುವ ಫೋನಿನಲ್ಲಿ ಒಂದು ಮಧ್ಯಾಹ್ನ ನಿಜವಾದ ಹುಡುಗಿ ಸಿಕ್ಕಳು. ಹೆಸರು ಶರ್ವರಿ ಅಂದಳು. ದನಿ ಮೆತ್ತಗಿತ್ತು. ರುಕ್ಸಾರ ಎಲ್ಲ ಹೇಳಿದಳು, ಅಪ್ಪ, ಹಲಗೆ, ನಲವತ್ತನೇ ದಿನ. ಹುಡುಗಿ ನಡುವೆ ಬಾಯಿ ಹಾಕದೆ ಕೇಳಿದಳು.

"ಮೇಡಂ, ನನಗೂ ಕಳೆದ ವರ್ಷ ತಂದೆ ಹೋದರು. ಒಂದು ಕೇಳಲೇಬೇಕು. ಖಾತೆಯಲ್ಲಿರುವ ನಂಬರು ಈಗ ನಿಮ್ಮದಲ್ಲ, ಅಲ್ಲವೇ?"

"ಅಲ್ರಿ. ಯಾರಿಗೋ ಹೋಗೇತ್ರಿ."

"ಸರಿ ಮೇಡಂ. ನೋಟ್ ಮಾಡಿಕೊಂಡಿದ್ದೇನೆ. ಖಂಡಿತ ಪರಿಹಾರ ಆಗುತ್ತದೆ."

ರುಕ್ಸಾರ ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ರೊಟ್ಟಿ ತಿಂದಳು.

ದಿನ ಹೋದವು, ಏನೂ ಬರಲಿಲ್ಲ. ವರ್ಷದ ದಿನ ಹತ್ತಿರ ಬರುತ್ತಿತ್ತು. ನನಗೆ ತಡೆಯಲಿಲ್ಲ. "ಆ ನಂಬರ್ ಇದ್ದಾವ್ನ ಕೇಳ ಬೇ. ಓಟಿಪಿ ಅವಂಗ ಬರೂದಲ್ಲ? ಓದಿ ಹೇಳಂತ ಅನ್ನ," ಅಂದೆ. ಅಂಜುತ್ತ ಹಚ್ಚಿದಳು. ಹೇಳಿ ಮುಗಿಸುವುದರೊಳಗೆ ಆ ಕಡೆಯಿಂದ ಬೈಗುಳ.

"ಓಟಿಪಿ ಹೇಳಬೇಕಂತ? ತಂಗಿ, ನಾ ಬ್ಯಾಂಕಿನಾಗ ಇದ್ದವ. ದಿನಾ ಮಂದಿಗೆ ಹೇಳೂದ ಅದ, ಯಾರಿಗೂ ಓಟಿಪಿ ಹೇಳಬ್ಯಾಡ್ರಿ ಅಂತ. ಇವತ್ತ ತೀರಿಕೊಂಡ ಅಪ್ಪ, ನಾಳೆ ಜಡ್ಡಾದ ಅವ್ವ. ನಿಮ್ಮ ಕಥೀ ಎಲ್ಲಾ ಗೊತ್ತವ."

ನಾನು ಫೋನು ಕಸಿದುಕೊಂಡೆ. "ತಮ್ಮಾ, ನಾ ಮುದುಕಿ ಮಾತಾಡಾಕತ್ತೇನಿ. ನಿಮ್ಮ ಊರ ಯಾವುದ?"

"ಊರ ತಗೊಂಡ ಏನ ಮಾಡ್ತೀರಿ? ಕಾಖಂಡಕಿ. ಅಷ್ಟ ಖರೇ ಇದ್ರ ಬಂದ ಮಾರಿ ತೋರಸ್ರಿ."

ಆತ ಚುಚ್ಚಿ ಅಂದದ್ದನ್ನು ನಾವು ಕರೆದದ್ದು ಅಂತಲೇ ತಿಳಿದೆವು. ಭಾನುವಾರ ಮುಂಜಾನೆ ಬಸ್ಸು ಹತ್ತಿದೆವು. ರುಕ್ಸಾರ ಅಪ್ಪನ ಫೋಟೋ, ತನ್ನ ಆಧಾರ ಕಾರ್ಡು, ಎಲ್ಲ ಚೀಲದಲ್ಲಿ ಇಟ್ಟುಕೊಂಡಿದ್ದಳು. ಇಳಿದು ಫೋನು ಹಚ್ಚಿದರೆ ಆತನಿಗೆ ನಂಬಿಕೆಯೇ ಬರಲಿಲ್ಲ. ಮೈಮೇಲೆ ಟಾವೆಲ್ ಹೊದ್ದುಕೊಂಡೇ ರಸ್ತೆಗೆ ಬಂದ. ಹೆಸರು ಮಧ್ವೇಶ, ಬಬಲೇಶ್ವರದ ಒಂದು ಸೊಸೈಟಿ ಬ್ಯಾಂಕಿನಲ್ಲಿ ನೌಕರಿ. ನನ್ನ ನರೆತ ತಲೆ, ಆಕಿಯ ಬುರಖಾ, ಎರಡನ್ನೂ ಒಮ್ಮೆ ನೋಡಿದ.

"ಖರೇನ ಬಂದ ಬಿಟ್ಟೀರಲ್ರಿ. ಬರ್ರಿ, ಮನೀಗೆ ಬರ್ರಿ ಮೊದಲ."

ಅವನ ಹೆಂಡತಿ ಹಚ್ಚಿದ ಅವಲಕ್ಕಿ ಕೊಟ್ಟಳು. ರುಕ್ಸಾರ ಫೋಟೋ ತೆಗೆದು ಅಪ್ಪನ ಹೆಸರು ಹೇಳಿದಳು. ಮಧ್ವೇಶ ಫೋಟೋ ಹಿಡಿದುಕೊಂಡು ಕುಳಿತುಬಿಟ್ಟ.

"ಪೇಂಟರ್ ಲಾಡಲೇಸಾಬ ಅಂದ್ರ ಇವರೇನು? ತಂಗಿ, ಈ ಸಿಮ್ ತಗೊಂಡಾಗಿಂದ ಅವರಿಗೇ ಫೋನ್ ಬರ್ತಾವ. ಲಾಡಲೇಸಾಬ, ಗುಡಿ ಗ್ವಾಡಿ ಮ್ಯಾಲ ಬರೀಬೇಕಿತ್ತು, ಯಾವಾಗ ಬರ್ತಿ ಅಂತ ಒಬ್ಬ. ಟ್ರ್ಯಾಕ್ಟರಿನ ಹಿಂದ ಹೆಸರ ಬರೀಬೇಕು, ಫ್ಲೆಕ್ಸ್ ಒಲ್ಲೆ, ನಿನ್ನ ಕೈಯಾಂದ ಬೇಕು ಅಂತ ಇನ್ನೊಬ್ಬ. ನಾ ಎಲ್ಲಾರಿಗೂ ರಾಂಗ್ ನಂಬರ್ ಅಂತ ಸಿಟ್ಟೀಲೆ ಇಟ್ಟಬಿಡ್ತಿದ್ದೆ." ಫೋಟೋ ತಿರುಗಿ ಆಕಿಯ ಕೈಗೆ ಕೊಡುತ್ತ ಅಂದ, "ತೀರಿಕೊಂಡದ್ದ ಗೊತ್ತಿದ್ದಿದ್ದಿಲ್ಲ ನನಗ. ಗೊತ್ತಿದ್ರ ಹಂಗ ಹೇಳ್ತಿದ್ದಿದ್ದಿಲ್ಲ."

ರುಕ್ಸಾರ ತಲೆ ಬಗ್ಗಿಸಿಕೊಂಡಳು. ಅಪ್ಪನಿಗೆ ಇನ್ನೂ ಗಿರಾಕಿ ಬರುತ್ತಿದ್ದಾರೆ ಅನ್ನುವುದು ಆಕಿಗೆ ಅವತ್ತೇ ಗೊತ್ತಾದದ್ದು.

ಮಧ್ವೇಶ ತನ್ನ ಫೋನನ್ನು ಆಕಿಯ ಮುಂದೆ, ಅವಲಕ್ಕಿ ತಾಟಿನ ಬಾಜೂಕ್ಕೆ ಇಟ್ಟ. "ಒತ್ತ್ರಿ ತಂಗಿ. ನನ್ನ ನೌಕರಿಯೊಳಗ ಇದೊಂದ ಸಲಾ ನಾ ಓಟಿಪಿ ಹೇಳಾಂವ."

ಆಕಿ ತನ್ನ ಫೋನಿನಲ್ಲಿ ಕಪಾಟಿನ ಬಾಗಿಲು ತೆರೆದು ಒತ್ತಿದಳು. ನಾವೆಲ್ಲ ಆತನ ಫೋನನ್ನೇ ನೋಡುತ್ತ ಕುಳಿತೆವು. ಅದು ಮಿಸುಕಲಿಲ್ಲ. ಆಕಿ ಮತ್ತೆ ಒತ್ತಿದಳು. ಆಮೇಲೆ ತನ್ನ ಫೋನನ್ನು ಕಣ್ಣಿನ ಹತ್ತಿರ ತಂದು ಓದಿದಳು. ಮಧ್ವೇಶ ಏನಾಯಿತು ಅಂದರೆ ಫೋನನ್ನೇ ಆತನ ಕೈಗೆ ಕೊಟ್ಟಳು. ಆತ ಗಟ್ಟಿಯಾಗಿ ಓದಿದ.

"ಈ ಖಾತೆಗೆ ಯಾವ ಮೊಬೈಲ್ ನಂಬರೂ ಜೋಡಣೆಯಾಗಿಲ್ಲ."

ಆಕಿಯ ಫೋನಿಗೆ ಕಂಪನಿಯಿಂದ ಒಂದು ಕಾಗದ ಬಂದು ಬಿದ್ದಿತ್ತು, ಹಿಂದಿನ ದಿನವೇ. ನೀವು ಕೊಟ್ಟ ದೂರನ್ನು ಬಗೆಹರಿಸಲಾಗಿದೆ, ನಿಮ್ಮದಲ್ಲವೆಂದು ನೀವು ತಿಳಿಸಿದ ನಂಬರನ್ನು ನಿಮ್ಮ ಖಾತೆಯ ಸುರಕ್ಷತೆಗಾಗಿ ತೆಗೆದುಹಾಕಲಾಗಿದೆ. ಇನ್ನು ಮುಂದೆ ನೀವು ಹಿಂದೆ ಬಳಸಿದ ಕಂಪ್ಯೂಟರಿನಿಂದ ಮಾತ್ರ ಒಳಗೆ ಬರಬಹುದು. ಹಿಂದೆ ಬಳಸಿದ ಕಂಪ್ಯೂಟರ್ ಸುಟ್ಟು ಮಾಳಿಗೆಯ ಮೂಲೆಯಲ್ಲಿ ಬಿದ್ದಿತ್ತು.

ಕೆಳಗೆ ಇನ್ನೂ ಒಂದು ಸಾಲಿತ್ತು. ನಮ್ಮ ಸೇವೆ ಹೇಗಿತ್ತು? ಐದು ಸ್ಟಾರು, ಅಂದರೆ ಚಿಕ್ಕಿ, ಒತ್ತಿ ತಿಳಿಸಿ.

ರುಕ್ಸಾರ ಫೋನು ತಿರುಗಿ ಇಸಿದುಕೊಂಡು ಐದನೆಯ ಚಿಕ್ಕಿ ಒತ್ತಿದಳು.

"ಏನ ಮಾಡಿದಿ ಬೇ?" ಅಂದೆ. ನನಗೆ ಸಿಟ್ಟು ಬಂದಿತ್ತು.

"ಆ ಹುಡುಗಿ ಏನ ಮಾಡ್ತಾಳ್ರಿ ಆಯಿ. ನಂಬರ್ ನಂದಲ್ಲ ಅಂತ ನಾನ ಹೇಳಿದೆ, ಆಕಿ ತಗದ್ಲು. ಚಿಕ್ಕಿ ಕಡಿಮಿ ಆದ್ರ ಆಕಿ ಕೆಲಸಕ್ಕ ತ್ರಾಸ ಆಗ್ತೈತಿ. ನನಗೂ ಮಂದಿ ಚಿಕ್ಕಿ ಹಾಕ್ತಾರಲ್ರಿ."

ವಿಜಯಪುರದ ಬಸ್ಸು ಹತ್ತಿದೆವು. ಬಬಲೇಶ್ವರ ದಾಟುವಾಗ ಆಕಿ ಕಿಡಕಿಯಿಂದ ಅಂಗಡಿಯ ಫ್ಲೆಕ್ಸುಗಳನ್ನು ನೋಡುತ್ತಿದ್ದಳು. ಎಲ್ಲ ಆಕಿ ಮಾಡಿದವೇ. ಒಮ್ಮೆಲೇ ನನ್ನ ಕೈ ಹಿಡಿದು ಅಂದಳು, "ಆಯಿ, ಇವುಗಳ ಕೆಳಗ ಅಬ್ಬಾ ಅದಾನ."

ಮರುದಿನ ತಿಕೋಟಾಕ್ಕೆ ಹೋದೆವು. ನಾನೇ ಕರೆದುಕೊಂಡು ಹೋದೆ, ನಮ್ಮ ಗಿರಣಿಯ ಬೋರ್ಡಾದರೂ ಸಿಗಲಿ ಅಂತ. ಜಾಹೀದ ಹಿಟ್ಟಿನ ಮೈಯಲ್ಲೇ ಏಣಿ ತಂದು ಹತ್ತಿದ. "ಮೇಡಂ, ನೀವ ಮಾಡಿದ ಬೋರ್ಡ್ ನೀವ ಬಿಚ್ಚಾಕ ಬಂದೀರಿ," ಅಂದ ರುಕ್ಸಾರಳ ಕಡೆ ನಗುತ್ತ. ಆಕಿಯ ಮುಖ ನೋಡಿ ನಗುವುದು ಬಿಟ್ಟ. ಮೊಳೆ ಕಿತ್ತು ಫ್ಲೆಕ್ಸನ್ನು ಒಂದು ಕಡೆಯಿಂದ ಎತ್ತಿದ.

ಕೆಳಗೆ ಜಂಗು. ಎಷ್ಟೋ ಮಳೆಯ ನೀರು ಫ್ಲೆಕ್ಸಿನ ಹಿಂದೆ ಇಳಿದು ಅಲ್ಲೇ ನಿಂತಿತ್ತು. ಮೊಳೆ ಬಡಿದ ಕಡೆಯಿಂದ ಸುರುವಾದ ಜಂಗು ತಗಡನ್ನೆಲ್ಲ ತಿಂದಿತ್ತು. ಬಿಸಿಲಿಗೆ ಫ್ಲೆಕ್ಸ್ ಬಣ್ಣಕ್ಕೆ ಅಂಟಿಕೊಂಡು, ಎತ್ತಿದರೆ ಬಣ್ಣವೇ ಸಿಪ್ಪೆಯಂತೆ ಕಿತ್ತು ಬಂತು. ನೀಲಿಯ ಒಂದು ತುಣುಕು, ಅದರ ಮೇಲೆ ಬಿಳಿಯ ಒಂದು ಬಾಗು. ಯಾವ ಅಕ್ಷರದ್ದು ಅಂತ ಹೇಳಲು ಬರುವಷ್ಟಿರಲಿಲ್ಲ. ನನ್ನ ಯಜಮಾನರ ಹೆಸರಿನದಿರಬೇಕು ಅಂದುಕೊಂಡೆ, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ರುಕ್ಸಾರ ಏಣಿ ಹತ್ತಿ ಆ ಬಾಗಿನ ಮೇಲೆ ಬೆರಳು ಇಟ್ಟಳು. ಬೆರಳಿಗೆ ಪುಡಿ ಹತ್ತಿತು. ಕೈ ಹಿಂದಕ್ಕೆ ತೆಗೆದುಕೊಂಡು, ಫ್ಲೆಕ್ಸಿನ ಸುಕ್ಕು ಎಳೆದು ಸರಿ ಮಾಡಿ, "ಬಡೀರಿ ಅಣ್ಣಾ, ಗಿರಾಕಿ ನಿಂತಾರ," ಅಂದಳು.

ವರ್ಷದ ದಿನ ನಾನು ಅವರ ಮನಿಗೆ ಹೋದೆ. ಕುರಾನಿನ ಓದಿಕೆ ಮುಗಿದು ಮಂದಿ ಉಂಡು ಹೋಗಿದ್ದರು. ಹಾಜಿರಾಬಿ ಮಗಳಿಗೆ ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ, "ಅವ ಹಲಗೀ ಮ್ಯಾಲ ನನ್ನ ಹೆಸರ ಬರದಿದ್ದ, ನೀ ಇದ್ದಿ ಅವತ್ತ. ನಾ ಒಲೀ ಮುಂದಿದ್ದೆ, ಬರದ ಮ್ಯಾಲ ನೋಡಿದ್ರಾತು ಅಂದೆ. ಒರಸಿಬಿಟ್ಟಿದ್ದ," ಅಂದಳು. ಫೋಟೋ ಇದ್ದದ್ದು ಹಾಜಿರಾಬಿಗೆ ಗೊತ್ತಿತ್ತು. ಅದನ್ನು ಇನ್ನೆಂದೂ ನೋಡಲಾಗದು ಅಂತಲೂ ಗೊತ್ತಿತ್ತು.

ನನಗೆ ಒಂದು ಆಸೆ ಬಂತು. ಆ ಗಿರಣಿಯ ಬೋರ್ಡು ನೋಡಿ ತಿದ್ದಿದ ಕೈ ಅಲ್ಲವೇ ನನ್ನದು. ಕರಿ ಹಲಗೆ ಗ್ವಾಡೆಗೆ ನಿಂತಿತ್ತು. ಸುಣ್ಣದ ನೀರು ಕಲಸಿಸಿ, ಕುಂಚ ಹಿಡಿದು, ತಲೆಕಟ್ಟು ಎಳೆಯುವಾಗ ಆತನ ಹಾಗೆಯೇ ಉಸಿರು ಬಿಗಿ ಹಿಡಿದು, ಲಾಡಲೇಸಾಬ ಅಂತ ಬರೆದೆ. ರುಕ್ಸಾರ ಬಹಳ ಹೊತ್ತು ನೋಡಿದಳು. ಆಕಿ ಫೋನು ತೆಗೆದು ಫೋಟೋ ತೆಗೆಯುತ್ತಾಳೇನೋ ಅಂತ ನಾನು ಕಾಯುತ್ತಿದ್ದೆ.

"ಚಂದ ಐತ್ರಿ ಆಯಿ," ಅಂದಳು. "ಆದ್ರ ಇದು ನಿಮ್ಮ ಕೈ."

ಹಲಗೆಯನ್ನು ಒರೆಸಲಿಲ್ಲ. ಸುಣ್ಣ ಒಣಗಿ ತಾನೇ ಉದುರಿತು.

ಈಗಲೂ ಆಕಿ ಅದೇ ಖೋಲಿಯಲ್ಲಿ ಕೂಡುತ್ತಾಳೆ. ಮಾವನ ಫೋಟೋ ದೊಡ್ಡದಾಗುತ್ತದೆ, ಹುಡುಗ ಸಣ್ಣವನಾಗುತ್ತಾನೆ. ಮಧ್ವೇಶ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ, ಇಂಥ ಊರಿನವರು ಲಾಡಲೇಸಾಬರನ್ನು ಕೇಳಿದರು, ಹಿಂಗಿಂಗ ಅಂತ ಸಮಾಧಾನದಿಂದ ಹೇಳಿದ್ದೇನೆ ಅನ್ನುತ್ತಾನೆ. ಮೊನ್ನೆ ನಾನು ಚಾ ಒಯ್ದಾಗ ಆಕಿ ಅರಕೇರಿಯ ಯಾರದೋ ಜೋಡಿ ಮಾತಾಡುತ್ತಿದ್ದಳು. ಅವರ ಅವ್ವ ಹೋಗಿದ್ದಳು. ಆಕಿ ಹೆಸರು ಕೇಳಿದಳು, ತಾರೀಖು ಕೇಳಿದಳು, ಫೋಟೋ ಕಳಿಸ್ರಿ ಅಂದಳು. ಇಡುವ ಮುಂದೆ ಒಂದು ಮಾತು ಅಂದಳು. ಇತ್ತೀಚೆಗೆ ಸತ್ತವರ ಮನಿಯವರಿಗೆಲ್ಲ ಆಕಿ ಈ ಮಾತು ಹೇಳುತ್ತಾಳಂತೆ.

"ಇನ್ನೊಂದ್ರಿ. ಅವರ ಫೋನ್ ಯಾರಿಗೂ ಕೊಡಬ್ಯಾಡ್ರಿ. ಕರೆನ್ಸಿ ಹಾಕಸ್ಕೋತ ಇರ್ರಿ."

ಆ ಕಡೆಯವರು ಯಾಕೆ ಅಂತ ಕೇಳಿರಬೇಕು.

"ಹಂಗ ಸುಮ್ನ್ರಿ," ಅಂದಳು. ಫೋಟೋ ಬಂತು. ಮದುವೆಯ ಗುಂಪು ಫೋಟೋ. ನಡುವೆ ಆ ಮುದುಕಿ, ಹೆಗಲ ಮೇಲೆ ಯಾರದೋ ಕೈ. ರುಕ್ಸಾರ ಅದನ್ನು ಅಳಿಸಲು ಕುಳಿತಳು.